ಬಂಡೆ ನಿಂತಲ್ಲಿಂದ ಗೋಡೆ

ಕೊಪ್ಪಳ ಜಿಲ್ಲೆಯ ನಮ್ಮೂರು ಕಿನ್ನಾಳದ ಗರುಡನ ಬೊಂಬೆಯನ್ನು ಕೈಯಲ್ಲಿ ಹಿಡಿದು ಎಷ್ಟು ತಿರುಗಿಸಿದರೂ ರೆಕ್ಕೆ ಬೆನ್ನಿಗೆ ಎಲ್ಲಿ ಕೂಡಿತು, ಮುಂಗೈ ತೋಳಿಗೆ ಎಲ್ಲಿ ಸೇರಿತು ಎಂಬುದು ಕಣ್ಣಿಗೆ ಸಿಗುವುದಿಲ್ಲ. ಇಡೀ ಮೂರ್ತಿ ಒಂದೇ ಉಸಿರಿನಲ್ಲಿ ಮೂಡಿ ಬಂದಂತಿರುತ್ತದೆ. ಒಳಗೆ ಇರುವುದೇ ಬೇರೆ. ಹಗುರವಾದ ಮರದ ಹಲವು ತುಂಡುಗಳನ್ನು ಬಿಡಿಬಿಡಿಯಾಗಿ ಕೆತ್ತಿ, ಅಂಟು ಹಾಕಿ ಕೂಡಿಸಿ, ಕೂಡಿದ ಕಡೆಯಲ್ಲೆಲ್ಲ ಕಿಟ್ಟ ತುಂಬಿರುತ್ತಾರೆ. ಗೋಣಿತಟ್ಟಿನ ಚೂರುಗಳನ್ನು ನೆನೆಹಾಕಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನೊಂದಿಗೆ ಕಲಸಿದರೆ ಬರುವ ಹದವೇ ಕಿಟ್ಟ. ಅದರ ಮೇಲೆ ಹತ್ತಿ ಬಟ್ಟೆಯ ಸಣ್ಣ ಸಣ್ಣ ತುಂಡುಗಳನ್ನು ಅಂಟಿಸುತ್ತಾರೆ. ಬಟ್ಟೆಯ ಮೇಲೆ ನುಣ್ಣಗೆ ಅರೆದ ಕಲ್ಲಿನ ಪುಡಿಯ ಲೇಪ ಬರುತ್ತದೆ. ಕೊರಳ ಸರ, ತೋಳಬಂದಿ, ಕಿರೀಟದ ಹರಳು ಎಲ್ಲವೂ ಅದೇ ಲೇಪದಿಂದ ಉಬ್ಬಿ ನಿಲ್ಲುತ್ತವೆ. ಬಣ್ಣ ಬರುವುದು ಇಷ್ಟೆಲ್ಲ ಆದ ಮೇಲೆ. ಕೊನೆಗೆ ತವರದಿಂದ ಮಾಡಿಕೊಂಡ ಲಾಜವರ ಎಂಬ ಲೇಪದ ಹೊಳಪು.

ಸಂದು ಕಾಣದಂತೆ ಮಾಡುವುದರಲ್ಲಿ ನಮ್ಮೂರ ಚಿತ್ರಗಾರರ ಜಾಣ್ಮೆ ಇದೆ. ಭೌಗೋಳಿಕ ಗುರುತಿನ ಪಟ್ಟಿಯಲ್ಲಿ ಕಿನ್ನಾಳದ ಹೆಸರು ಸೇರಿರುವುದೂ ಈ ಕೈಚಳಕಕ್ಕಾಗಿಯೇ. ಇಂಥ ಊರಲ್ಲಿ ಬೆಳೆದವರ ಕಣ್ಣು ಯಾವುದೇ ವಸ್ತುವನ್ನು ಕಂಡರೂ ಮೊದಲು ಸಂದು ಹುಡುಕುತ್ತದೆ. ಬಾಗಿಲ ಚೌಕಟ್ಟಾಗಲಿ, ತೇರಿನ ಗಾಲಿಯಾಗಲಿ, ಎರಡು ತುಂಡು ಎಲ್ಲಿ ಕೂಡಿದವು, ಹೇಗೆ ಕೂಡಿದವು ಎಂದು ನೋಡದೆ ಅದಕ್ಕೆ ಸಮಾಧಾನವಿಲ್ಲ. ಆ ಕಣ್ಣಿಗೆ ಇಡೀ ಕೊಪ್ಪಳ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸುಖ ಕೊಡುವ ಜಾಗ ಆನೆಗೊಂದಿಯ ಕೋಟೆ. ಅಲ್ಲಿ ಒಂದೂ ಸಂದನ್ನು ಮುಚ್ಚಿಲ್ಲ. ಕಲ್ಲು ಕಲ್ಲಿಗೆ ಕೂಡಿದ್ದು, ಗೋಡೆ ಬಂಡೆಗೆ ಕೂಡಿದ್ದು, ಊರು ನದಿಗೆ ಕೂಡಿದ್ದು ಎಲ್ಲವೂ ಬಯಲಲ್ಲೇ ಇದೆ. ಹಾಗಿದ್ದೂ ಎಲ್ಲೂ ಬಿರುಕು ಬಿಟ್ಟಂತೆ ಕಾಣುವುದಿಲ್ಲ.

ಕಿನ್ನಾಳದಿಂದ ಹೊರಟರೆ ಮೊದಲು ಎದುರಾಗುವುದು ಕೊಪ್ಪಳದ ಕೋಟೆ. ಅದು ಬೇರೆ ಬಗೆಯದು, ಯುದ್ಧದ ಲೆಕ್ಕಾಚಾರದ ಕೋಟೆ. 1786ರಲ್ಲಿ ಟಿಪ್ಪು ಸುಲ್ತಾನನ ಕೈಗೆ ಬಂದ ಮೇಲೆ ಫ್ರೆಂಚ್ ಎಂಜಿನಿಯರುಗಳು ಅದನ್ನು ಬಲಪಡಿಸಿದರು. 1790ರಲ್ಲಿ ಮುತ್ತಿಗೆ ಹಾಕಿದ ಬ್ರಿಟಿಷರೂ ನಿಜಾಮನ ಸೈನ್ಯವೂ ಅದನ್ನು ಪಡೆಯಲು ತಿಂಗಳುಗಟ್ಟಲೆ ಕಾಯಬೇಕಾಯಿತು. 1858ರಲ್ಲಿ ಮುಂಡರಗಿ ಭೀಮರಾಯ ಇದೇ ಕೋಟೆಯಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಪ್ರಾಣ ಕೊಟ್ಟ. ಆ ಗುಡ್ಡವನ್ನು ಕಂಡಾಗ ಗೌರವ ಹುಟ್ಟುತ್ತದೆ, ಕೈ ತಾನಾಗಿ ಎದೆಗೆ ಹೋಗುತ್ತದೆ. ಆದರೆ ಕೂತು ಸವಿಯಬೇಕೆನ್ನಿಸುವುದು ಆನೆಗೊಂದಿಯಲ್ಲಿ.

ಗಿಣಗೇರಿ ದಾಟಿ ಹುಲಿಗಿ, ಮುನಿರಾಬಾದ್ ಕಡೆ ತಿರುಗಿದರೆ ನೀರಿನ ಸೀಮೆ ಶುರು. ಮಳೆಗಾಲ ಕಳೆದ ಮೇಲೆ ತುಂಗಭದ್ರಾ ಜಲಾಶಯ ತುಂಬಿದ್ದರೆ ಆಚೆ ದಡ ಕಾಣುವುದಿಲ್ಲ. 1945ರಲ್ಲಿ ಶಂಕುಸ್ಥಾಪನೆಯಾಗಿ 1953ರ ಹೊತ್ತಿಗೆ ನೀರು ನಿಲ್ಲಿಸಿದ ಈ ಅಣೆಕಟ್ಟೆಯೂ ಸಿಮೆಂಟಿನ ಕೆಲಸವಲ್ಲ. ಸುಣ್ಣ ಸುರ್ಕಿಯ ಗಾರೆಯಲ್ಲಿ ಕಲ್ಲು ಕೂರಿಸಿ ಕಟ್ಟಿದ್ದು. ಎಡದಂಡೆಯ ಕಡೆಯಿಂದ ಹೈದರಾಬಾದ್ ಸಂಸ್ಥಾನದವರು, ಬಲದಂಡೆಯ ಕಡೆಯಿಂದ ಮದ್ರಾಸ್ ಪ್ರಾಂತದವರು ಕಟ್ಟುತ್ತ ಬಂದು ನಡುವೆ ಕೂಡಿಸಿದರು. ಎರಡು ಸರ್ಕಾರಗಳ ಆ ಸಂದು ಎಲ್ಲಿದೆ ಎಂದು ಈಗ ಗೋಡೆ ನೋಡಿ ಹೇಳಲಾಗದು. ಆ ನೀರಿನಡಿ ಎಷ್ಟೋ ಊರುಗಳು ಮಲಗಿವೆ. ಅಲ್ಲಿಂದ ಎದ್ದು ಬಂದ ಮನೆತನಗಳು ನಮ್ಮ ಸುತ್ತಮುತ್ತಲ ಹಳ್ಳಿಗಳಲ್ಲಿ ಇನ್ನೂ ಇವೆ.

ಶಿವಪುರ ಕಳೆದ ಮೇಲೆ ದಾರಿಯ ಬಣ್ಣವೇ ಬದಲಾಗುತ್ತದೆ. ಕಿನ್ನಾಳದ ಸುತ್ತ ನಮ್ಮದು ಹೆಚ್ಚಾಗಿ ಮಳೆ ನೆಚ್ಚಿದ ಹೊಲ. ಜೋಳ, ಸಜ್ಜೆ, ಮೆಕ್ಕೆಜೋಳ. ಇಲ್ಲಿ ಎಡದಂಡೆ ಕಾಲುವೆಯ ಕೃಪೆಯಿಂದ ಕಣ್ಣಿಗೆ ಬಿದ್ದಷ್ಟೂ ಭತ್ತ, ಬಾಳೆ. ನಾಟಿಯ ದಿನಗಳಲ್ಲಿ ಗದ್ದೆಯ ನೀರಲ್ಲಿ ಬಂಡೆಗುಡ್ಡಗಳು ತಲೆಕೆಳಗಾಗಿ ಕಾಣುತ್ತವೆ. ಎಡದಂಡೆ ಕಾಲುವೆ ಬಂದದ್ದು ನಮ್ಮ ಅಜ್ಜಂದಿರ ಕಾಲದಲ್ಲಿ. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳು ಅದಕ್ಕೂ ಮೊದಲೇ ಇದ್ದವು, ಈಗಲೂ ಹರಿಯುತ್ತಿವೆ. ಐನೂರು ವರ್ಷದ ಕಾಲುವೆಯ ನೀರನ್ನು ಇವತ್ತು ಬೆಳಿಗ್ಗೆ ಒಬ್ಬ ರೈತ ಸಲಿಕೆಯಿಂದ ಮಣ್ಣು ಸರಿಸಿ ತನ್ನ ಗದ್ದೆಗೆ ತಿರುವಿಕೊಳ್ಳುತ್ತಾನೆ. ಸ್ಮಾರಕಗಳಲ್ಲಿ ಇಷ್ಟು ಜೀವಂತವಾದದ್ದು ಇನ್ನೊಂದಿಲ್ಲ ಎಂದೇ ನನ್ನ ಭಾವನೆ.

ಸಾಣಾಪುರದ ಕೆರೆ ಬರುವುದು ಹಠಾತ್ತಾಗಿ. ದಾರಿ ಒಂದು ತಿರುವು ತೆಗೆದುಕೊಳ್ಳುತ್ತದೆ, ಬಂಡೆಗಳ ನಡುವೆ ನೀರು. ಹುಟ್ಟಿನಿಂದ ಅದು ಕೆರೆಯಲ್ಲ. ಕಾಲುವೆಯ ನೀರನ್ನು ಗುಡ್ಡಗಳ ನಡುವೆ ನಿಲ್ಲಿಸಿ, ಬೇಕಾದಷ್ಟೇ ಮುಂದಕ್ಕೆ ಬಿಡುವ ಸಮತೋಲನ ಜಲಾಶಯ. ಎಂಜಿನಿಯರುಗಳು ಕಟ್ಟಿದ ಒಡ್ಡು ಚಿಕ್ಕದು. ಉಳಿದ ದಡವನ್ನೆಲ್ಲ ಬಂಡೆಗಳೇ ಕಟ್ಟಿಕೊಟ್ಟಿವೆ. ಒಂದರ ಮೇಲೊಂದು ಕೂತ ಆ ಬಂಡೆಗಳನ್ನು ಯಾರೂ ತಂದು ಇಟ್ಟದ್ದಲ್ಲ. ನೆಲದೊಳಗಿನ ಕಣಶಿಲೆ ಸೀಳಿ, ಬಿಸಿಲು ಮಳೆಗೆ ಅಂಚು ಕರಗಿ, ಸುತ್ತಲ ಮಣ್ಣು ಕೊಚ್ಚಿಹೋಗಿ ಉಳಿದ ಗಟ್ಟಿ. ಬೆಳಿಗ್ಗೆ ಅವಕ್ಕೆ ಬೂದು ಬಣ್ಣ. ಮಧ್ಯಾಹ್ನ ಬಣ್ಣವೇ ಇಲ್ಲ, ಬರೀ ಬೆಳಕು. ಸಂಜೆ ನಾಲ್ಕೂವರೆ, ಐದರ ಮೇಲೆ ತೆಳು ಕೆಂಪು ಏರುತ್ತದೆ. ಚಿತ್ರಗಾರರು ಬೊಂಬೆಯ ಮುಖಕ್ಕೆ ಕೊಡುವ ಮೈಬಣ್ಣಕ್ಕೆ ತೀರ ಹತ್ತಿರದ ಬಣ್ಣ ಅದು. ನೀರು ಆಳ, ಒಳಗೆ ಸೆಳವು ಇದೆ, ಇಳಿದು ಈಜುವ ಜಾಗವಲ್ಲ. ದಂಡೆಯ ಬಂಡೆಯ ಮೇಲೆ ಕೂತು ನೋಡಬೇಕು.

ಇಲ್ಲಿಂದ ಆನೆಗೊಂದಿಗೆ ಹೋಗುವ ದಾರಿಯಲ್ಲಿ ಅಂಜನಾದ್ರಿ ಇದೆ. ಹನುಮ ಹುಟ್ಟಿದ ಬೆಟ್ಟವೆಂದು ನಂಬಿ ಹತ್ತುವವರ ಸಾಲು ಶನಿವಾರ ಮಂಗಳವಾರ ಕರಗುವುದೇ ಇಲ್ಲ. ಪಂಪಾ ಸರೋವರ ಅದರ ನೆರೆಯಲ್ಲೇ. ಶಬರಿ ರಾಮನಿಗಾಗಿ ಕಾದ ಜಾಗವೆಂದು ಅಲ್ಲಿಯ ಗವಿ ತೋರಿಸುತ್ತಾರೆ. ಕಿಷ್ಕಿಂಧೆಯ ಕಥೆ ಈ ನೆಲಕ್ಕೆ ಎಷ್ಟು ಒಗ್ಗಿದೆಯೆಂದರೆ, ಇಲ್ಲಿಯ ಬಂಡೆಗಳನ್ನು ಕಂಡ ಯಾರಿಗೂ ವಾಲಿ ಸುಗ್ರೀವರು ಕಾದಾಡುತ್ತ ಎಸೆದವು ಇವೇ ಇರಬೇಕು ಎನ್ನಿಸದೆ ಇರದು.

ನಾನು ಹೇಳಹೊರಟ ಗೋಡೆ ಇರುವುದು ಆನೆಗೊಂದಿಯ ದುರ್ಗಾದೇವಿ ಗುಡಿಯ ಬೆಟ್ಟದಲ್ಲಿ. ಗುಡಿಯ ಹಿಂದಿನಿಂದ ಹತ್ತಿದರೆ ಕೋಟೆಯ ಬಾಗಿಲು ಎದುರಾಗುತ್ತದೆ. ಹೆಬ್ಬಾಗಿಲು ಎಂದೊಡನೆ ಕಣ್ಣಿಗೆ ಬರುವ ಆಡಂಬರ ಅಲ್ಲಿಲ್ಲ. ಎರಡು ಬದಿಗೆ ನಿಲುವುಗಲ್ಲು, ಮೇಲೆ ಅಡ್ಡ ಹಾಸಿದ ತೊಲೆಗಲ್ಲು, ಅಷ್ಟೇ. ಗಟ್ಟಿಯಾಗಿ ಒಮ್ಮೆ ಮಾತಾಡಿದರೆ ಕಲ್ಲಿನೊಳಗಿಂದ ಮಾತು ತಿರುಗಿ ಬರುತ್ತದೆ.

ಬಾಗಿಲ ಎರಡೂ ಬದಿ ಗೋಡೆ ಹರಿದುಹೋಗುತ್ತದೆ. ಅದನ್ನು ಹಿಂಬಾಲಿಸಿ ಒಂದಿಷ್ಟು ದೂರ ನಡೆದರೆ ಇಲ್ಲಿಯ ಕಟ್ಟೋಣದ ಗುಟ್ಟು ತಿಳಿಯುತ್ತದೆ. ಗೋಡೆ ನೇರ ಹೋಗುತ್ತ ಹೋಗುತ್ತ ಮನೆಯಷ್ಟು ದೊಡ್ಡದೊಂದು ಬಂಡೆ ಎದುರಾದರೆ ಅಲ್ಲಿಗೆ ನಿಲ್ಲುತ್ತದೆ. ಬಂಡೆಯನ್ನು ಒಡೆದಿಲ್ಲ, ಸುತ್ತಿ ಹೋಗಿಲ್ಲ, ಮೇಲೆ ಹತ್ತಿಲ್ಲ. ಅಷ್ಟು ಉದ್ದಕ್ಕೆ ಬಂಡೆಯೇ ಕೋಟೆ. ಬಂಡೆಯ ಆಚೆ ಅಂಚಿನಿಂದ ಗೋಡೆ ಮತ್ತೆ ಹೊರಡುತ್ತದೆ. ಎರಡು ಬಂಡೆಗಳ ನಡುವೆ ಆಳೆತ್ತರದ ಬಿರುಕಿದ್ದರೆ ಆ ಬಿರುಕಿಗಷ್ಟೇ ಕಲ್ಲು ಕೂರಿಸಿದ್ದಾರೆ. ಕೆಲವೆಡೆ ಮನುಷ್ಯ ಕಟ್ಟಿದ್ದು ನಾಲ್ಕೈದು ಸಾಲು ಮಾತ್ರ, ಉಳಿದದ್ದೆಲ್ಲ ಬೆಟ್ಟದ್ದೇ. ಬೆಟ್ಟ ಅರ್ಧ ಕಟ್ಟಿ ಬಿಟ್ಟ ಕೋಟೆಯನ್ನು ಮನುಷ್ಯರು ಬಂದು ಪೂರ್ತಿ ಮಾಡಿದ್ದಾರೆ. ಕಟ್ಟಿದವರು ಮೊದಲು ಈ ಗುಡ್ಡವನ್ನು ಎಷ್ಟು ದಿನ ಸುತ್ತಿರಬೇಕು! ಎಲ್ಲಿ ಬಂಡೆ ಸಾಕು, ಎಲ್ಲಿ ಸಾಲದು ಎಂದು ಒಂದೊಂದು ಸಂದನ್ನೂ ಕಣ್ಣಲ್ಲಿ ಅಳೆದಿರಬೇಕು. ಅಷ್ಟು ನೋಡಿದವರಿಗೆ ಮಾತ್ರ ಇಷ್ಟು ಕಡಿಮೆ ಕಟ್ಟಲು ಸಾಧ್ಯ.

ಗೋಡೆಯ ಒಂದು ಮಗ್ಗುಲಿಗೆ ಮುಖ ಒಡ್ಡಿ ನಿಂತು ನೋಡಿ. ಕಲ್ಲುಗಳು ಒಂದೇ ಅಳತೆಯವಲ್ಲ. ಒಂದು ಎಮ್ಮೆಯ ಮೈಯಷ್ಟು, ಅದರ ಪಕ್ಕದ್ದು ಅಂಗೈಯಷ್ಟು. ದೊಡ್ಡ ಕಲ್ಲಿನ ಓರೆ ಅಂಚಿಗೆ ಸರಿಯಾಗಿ ಸಣ್ಣ ಕಲ್ಲನ್ನು ಮೂರು ಮೂಲೆಗೆ ಕಡಿದು ತೂರಿಸಿದ್ದಾರೆ. ನಡುವೆ ಗಾರೆ ಇಲ್ಲ. ಆದರೂ ಉಗುರು ತೂರದ ಕಡೆಗಳಿವೆ. ಕೈಯಾಡಿಸಿದರೆ ಒಂದು ಕಲ್ಲಿನ ಮೈ ಇನ್ನೊಂದಕ್ಕೆ ಇಳಿಯುವ ಕಡೆ ಬೆರಳಿಗೆ ಒಂದು ಗೆರೆ ಮಾತ್ರ ತಾಗುತ್ತದೆ. ಕೆಲವು ಕಲ್ಲಿನ ಅಂಚಿನಲ್ಲಿ ಚೌಕದ ಸಣ್ಣ ಕುಳಿಗಳ ಸಾಲು. ಬಂಡೆಯನ್ನು ಸೀಳಲು ಬೆಣೆ ಹೊಡೆದ ಗುರುತು. ಹತ್ತಿರದಲ್ಲೇ ಇನ್ನೂ ಸೀಳದೆ ಬಿಟ್ಟ ಬಂಡೆಯ ಮೇಲೂ ಅದೇ ಕುಳಿಗಳು ಸಾಲಾಗಿ ಕಾದು ನಿಂತಿವೆ. ಯಾವ ಬಂಡೆಯಿಂದ ಕಲ್ಲು ಬಂತು, ಎಲ್ಲಿಗೆ ಹೋಯಿತು ಎಂದು ಅಲ್ಲೇ ನಿಂತು ಓದಿಕೊಳ್ಳಬಹುದು.

ಕುಸಿದ ಕಡೆಯಲ್ಲಿ ಗೋಡೆಯ ಒಳಗೂ ಕಾಣುತ್ತದೆ. ಇಂಥ ಕೋಟೆಗೋಡೆಗಳು ಒಳಗೆಲ್ಲ ಇಷ್ಟು ನಯವಲ್ಲ. ಹೊರಗಿನ ಮುಖಕ್ಕೆ ಬಿಗಿಯಾಗಿ ಕೂರಿಸಿದ ಕಲ್ಲು, ಒಳಗೆ ಕಲ್ಲುಚೂರು ಮತ್ತು ಮಣ್ಣಿನ ತುಂಬು. ಅದನ್ನು ಕಂಡಾಗ ನನಗೆ ನಮ್ಮ ಬೊಂಬೆಯ ಹೊಟ್ಟೆ ನೆನಪಾಯಿತು. ಅಲ್ಲೂ ಹೊರಮೈಗೆ ಸಕಲ ಶ್ರದ್ಧೆ, ಒಳಗೆ ಹಗುರ. ಎರಡೂ ಕಡೆ ಕೈಕೆಲಸದವರು ಎಲ್ಲಿ ಶ್ರಮ ಹಾಕಬೇಕು, ಎಲ್ಲಿ ಬೇಡ ಎಂದು ಚೆನ್ನಾಗಿ ಬಲ್ಲವರು.

ಈ ಬೆಟ್ಟದ ಮೇಲೆ ನಿಂತರೆ ತುಂಗಭದ್ರೆಯ ಆಚೆ ಹಂಪಿ ಕಾಣುತ್ತದೆ. ಆನೆಗೊಂದಿ ಅದಕ್ಕಿಂತ ಹಿರಿಯದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಹಿಂದೆ ಇದೇ ರಾಜಧಾನಿಯಾಗಿತ್ತಂತೆ ಎಂದು ಜನ ಹೇಳಿದ್ದನ್ನು ಬರೆದುಕೊಂಡಿದ್ದಾನೆ. ಇದೇ ಗಂಗಾವತಿ ಸೀಮೆಯ ಕುಮ್ಮಟದುರ್ಗದಲ್ಲಿ ಕಂಪಿಲಿಯ ಅರಸ ಕಂಪಿಲರಾಯ ಮತ್ತು ಅವನ ಮಗ ಕುಮಾರರಾಮ ದೆಹಲಿಯ ಸೈನ್ಯವನ್ನು ಎದುರಿಸಿದ್ದು, 1327ರ ಸುಮಾರಿಗೆ ಕಂಪಿಲಿ ರಾಜ್ಯ ಅಳಿದದ್ದು, ಅದರ ಬೆನ್ನಿಗೇ 1336ರಲ್ಲಿ ವಿಜಯನಗರ ತಲೆಯೆತ್ತಿದ್ದು. 1565ರಲ್ಲಿ ಆಚೆ ದಡದ ಪಟ್ಟಣ ಹಾಳಾಯಿತು. ಈಚೆ ದಡದ ಊರಲ್ಲಿ ಮಾತ್ರ ಒಲೆ ಆರಲಿಲ್ಲ. ನನಗೆ ಹಂಪಿಗಿಂತ ಆನೆಗೊಂದಿ ಹೆಚ್ಚು ಹತ್ತಿರವಾಗುವುದು ಇದಕ್ಕೇ. ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಸಂಸಾರ ಹೂಡಿದ್ದವರನ್ನು 2011ರಲ್ಲಿ ಎಬ್ಬಿಸಿದರು. ಕಲ್ಲು ಉಳಿಯಿತು, ಜನ ಹೋದರು. ಆನೆಗೊಂದಿಯೂ ಹಂಪಿಯ ವಿಶ್ವಪರಂಪರೆಯ ಪ್ರದೇಶಕ್ಕೇ ಸೇರಿದ್ದು. ಆದರೆ ಇಲ್ಲಿ ಹಳೆಯ ಅಗಸೆಯೊಳಗೆ ದನ ಬರುತ್ತವೆ, ಮಂಟಪದ ಜಗಲಿಯ ಮೇಲೆ ಹಿರಿಯರು ಕೂರುತ್ತಾರೆ, ಬೆಳಿಗ್ಗೆ ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ ಬೀಳುತ್ತದೆ. ಕಲ್ಲಿಗೂ ಬದುಕಿಗೂ ನಡುವಿನ ಸಂದನ್ನು ಯಾರೂ ಬಿಡಿಸಿಲ್ಲ. ಬಿಡಿಸಬಾರದು.

ಊರ ನಡುವೆ ರಂಗನಾಥನ ಗುಡಿ, ಅದರ ಹತ್ತಿರವೇ ಗಗನಮಹಲ್. ಹೆಸರು ಗಗನದ್ದಾದರೂ ಕಟ್ಟಡ ಸಣ್ಣದು. ಹೊರಚಾಚಿದ ಗವಾಕ್ಷಿ, ಗಾರೆಯ ಕೆಲಸ. ಹಂಪಿಯ ಕಮಲಮಹಲ್ ಕಂಡವರಿಗೆ ಇದು ಅದರ ಬಡ ತಂಗಿಯಂತೆ ಕಾಣಬಹುದು. ನನ್ನ ಮಟ್ಟಿಗೆ ಇದರ ಅಂದ ಇರುವುದು ಅದು ನಿಂತ ಜಾಗದಲ್ಲಿ. ಮಕ್ಕಳು ಶಾಲೆಯಿಂದ ಅದರ ಮುಂದೆಯೇ ಹಾದು ಮನೆಗೆ ಹೋಗುತ್ತಾರೆ. ಇಲ್ಲಿಯ ಹೆಣ್ಣುಮಕ್ಕಳು ಬಾಳೆಯ ದಿಂಡಿನ ನಾರಿನಿಂದ ಚೀಲ, ಬುಟ್ಟಿ, ಚಾಪೆ ಹೆಣೆಯುತ್ತಾರೆ. ಕಿಷ್ಕಿಂದಾ ಟ್ರಸ್ಟ್ ಈ ಕೆಲಸವನ್ನು ಊರಲ್ಲಿ ಬೆಳೆಸಿತು. ಗೊನೆ ಕಡಿದ ಮೇಲೆ ಗದ್ದೆಯ ಬದುವಿನಲ್ಲಿ ಕೊಳೆಯುತ್ತಿದ್ದ ದಿಂಡು ಈಗ ನಾರಾಗಿ ಹುರಿಗೊಂಡು ಬೆರಳಿನ ನಡುವೆ ಓಡುತ್ತದೆ. ಒಂದು ಎಳೆ ಮುಗಿಯುವ ಕಡೆ ಇನ್ನೊಂದನ್ನು ಸೇರಿಸಿ ಹೊಸೆಯುವುದನ್ನು ನಾನು ಬಹಳ ಹೊತ್ತು ನೋಡುತ್ತ ನಿಂತೆ. ಎರಡು ಬೆರಳ ಒಂದು ಸಣ್ಣ ತಿರುವು. ಸಂದು ಅಲ್ಲಿತ್ತು ಎನ್ನುವಷ್ಟರಲ್ಲಿ ಇಲ್ಲವಾಗಿರುತ್ತದೆ.

ನದಿಗೆ ಇಳಿದರೆ ಹರಿಗೋಲು. ಪಾಯಸ್ ಕಂಡದ್ದೂ ಇದನ್ನೇ. ಒಳಗೆ ಬೆತ್ತ, ಹೊರಗೆ ತೊಗಲು ಹೊದಿಸಿದ, ಬುಟ್ಟಿಯಂತೆ ದುಂಡಗಿನ ದೋಣಿಯಲ್ಲಿ ಹದಿನೈದಿಪ್ಪತ್ತು ಜನ ದಾಟುತ್ತಾರೆ, ಕುದುರೆ ಎತ್ತುಗಳೂ ದಾಟುತ್ತವೆ ಎಂದು ಅವನು ಬರೆದಿದ್ದಾನೆ. ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಡಾಂಬರು ಬಂದಿದೆ. ಬುಟ್ಟಿಯಂಥ ಹೆಣಿಗೆ ಮಾತ್ರ ಬದಲಾಗಿಲ್ಲ. ದಂಡೆಯ ಮೇಲೆ ಬೋರಲು ಹಾಕಿದ ಹರಿಗೋಲಿಗೆ ಡಾಂಬರು ಬಳಿಯುತ್ತಿದ್ದ ಹಿರಿಯರೊಬ್ಬರು ತಲೆಯೆತ್ತಿ, “ಯಾವೂರ್ರೀ ನಿಮ್ದು?” ಅಂದರು. “ಕಿನ್ನಾಳ ರೀ” ಅಂದೆ. “ಗೌರಿ ಗೊಂಬಿ ಮಾಡೋರ ಊರೇನ್ರೀ! ಹಂಗಾರ ನಿಮಗ ಗೊತ್ತಾಕ್ಕೈತಿ ಬಿಡ್ರೀ, ಹಚ್ಚೂದು ಛಲೋ ಆಗಿದ್ರ ಒಳಗಿಂದು ಬಾಳಿಕಿ ಬರತೈತಿ” ಅಂದರು. ಕಿಟ್ಟ ತುಂಬುವವರೂ ಡಾಂಬರು ಬಳಿಯುವವರೂ ಒಂದೇ ಮಾತು ಆಡುತ್ತಾರೆ.

ಹೊಳೆಯ ಮಗ್ಗುಲಲ್ಲಿ 64 ಕಂಬದ ಮಂಟಪ ಇದೆ. ಕೃಷ್ಣದೇವರಾಯನ ಸಮಾಧಿ ಎಂದು ಜನ ಹೇಳುತ್ತಾರೆ. ಜಲಾಶಯ ತುಂಬಿ ಮೇಲಿಂದ ನೀರು ಬಿಟ್ಟರೆ ಅದು ಮುಳುಗುತ್ತದೆ, ನೀರು ಇಳಿದ ಮೇಲೆ ಕಂಬಗಳು ಮಣ್ಣು ಮೆತ್ತಿಕೊಂಡು ಮತ್ತೆ ಎದ್ದು ನಿಲ್ಲುತ್ತವೆ. ಇನ್ನೂ ಮುಂದೆ ನಡುಗಡ್ಡೆಯಲ್ಲಿ ನವವೃಂದಾವನ. ಪದ್ಮನಾಭ ತೀರ್ಥರಿಂದ ಹಿಡಿದು ಒಂಬತ್ತು ಮಂದಿ ಮಾಧ್ವ ಯತಿಗಳ ವೃಂದಾವನಗಳು ಅಲ್ಲಿವೆ. 1539ರಲ್ಲಿ ವೃಂದಾವನಸ್ಥರಾದ ವ್ಯಾಸರಾಯರದು ನಡುವಿನದು. 2019ರ ಜುಲೈನಲ್ಲಿ ನಿಧಿಯಾಸೆಯ ದುರುಳರು ಅದನ್ನು ಕಿತ್ತು ಕೆಡವಿದ ಸುದ್ದಿ ಕೇಳಿದ ದಿನ ನಮ್ಮೂರಲ್ಲೂ ಅನೇಕರಿಗೆ ಊಟ ಸೇರಲಿಲ್ಲ. ಭಕ್ತರು ಕೂಡಿ, ಬಿದ್ದ ಕಲ್ಲುಗಳನ್ನೇ ಮತ್ತೆ ಜೋಡಿಸಿ ತಡಮಾಡದೆ ನಿಲ್ಲಿಸಿದರು. ಒಡೆದವರ ಹೆಸರು ಯಾರಿಗೂ ಬೇಡ. ಜೋಡಿಸಿದ ಕೈಗಳನ್ನು ನೆನೆಯೋಣ.

ಆನೆಗೊಂದಿಯಲ್ಲಿ ನಾನು ಕೊನೆಗೆ ಹೋಗುವುದು ಹುಚ್ಚಪ್ಪಯ್ಯನ ಮಠಕ್ಕೆ. ಹೊಳೆಯ ಹತ್ತಿರದ ಈ ಕಟ್ಟಡಕ್ಕೆ ಬರುವವರು ಕಡಿಮೆ. ಒಳಗಿನ ಕಂಬಗಳು ಕರಿಕಲ್ಲಿನವು. ಸುತ್ತಲ ಬೂದುಬಂಡೆಯ ಸೀಮೆಯಲ್ಲಿ ಅವು ಬೇರೆ ಲೋಕದಿಂದ ಬಂದಂತಿವೆ. ಚಾಲುಕ್ಯರ ಕಾಲದ ಕೈಕೆಲಸ ಎದ್ದು ಕಾಣುತ್ತದೆ. ಇಟಗಿಯ ಮಹಾದೇವ ಗುಡಿಯ ಕಂಬಗಳನ್ನು ಮುಟ್ಟಿ ನೋಡಿದವರಿಗೆ ಈ ನುಣುಪು ಗುರುತು ಸಿಗುತ್ತದೆ. 1112ರ ಆ ಗುಡಿಯೂ ನಮ್ಮ ಜಿಲ್ಲೆಯದೇ. ಕಂಬದ ಮೈಯಲ್ಲಿ ಕುಣಿಯುವವರು, ಬಾರಿಸುವವರು. ಅಂಗುಲ ಅಂಗುಲಕ್ಕೂ ಉಳಿ ಬಿದ್ದಿದೆ.

ಕಂಬ ನೋಡಿ ಮುಗಿಸಿ ಹೊರಡಬೇಡಿ, ತಲೆಯೆತ್ತಿ. ಮಾಳಿಗೆಗೆ ಚಿತ್ರ ಬರೆದಿದ್ದಾರೆ. ಬಹುಪಾಲು ಮಾಸಿದೆ. ಉಳಿದಿರುವ ಕಡೆ ಕಾವಿಯ ಕೆಂಪು, ಕಪ್ಪು ರೇಖೆ. ಮೊದಲು ಏನೂ ತಿಳಿಯುವುದಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಒಂದು ಸೀರೆಯ ನೆರಿಗೆ, ಒಂದು ಕಾಲಿನ ಬಾಗು ಹೊರಬರುತ್ತವೆ. ಚಕ್ಕೆ ಎದ್ದ ಕಡೆ ಪದರ ಪದರ ಕಾಣುತ್ತದೆ. ಅಡಿಯಲ್ಲಿ ಕಲ್ಲಿನ ಹಾಸು, ಅದರ ಮೇಲೆ ಒರಟು ಗಾರೆ, ಮೇಲೆ ತೆಳುವಾದ ಬಿಳಿ ಲೇಪ, ಅದರ ಮೇಲೆ ಬಣ್ಣ. ಕಲ್ಲುಹಾಸಿನ ಸಂದುಗಳು ಗಾರೆಯಡಿ ಮುಚ್ಚಿವೆ. ಹೊರಗೆ ಸಂದನ್ನು ಬಯಲಿಗಿಟ್ಟು ಗೋಡೆ ಕಟ್ಟಿದ ಸೀಮೆಯವರೇ ಇಲ್ಲಿ, ಚಿತ್ರ ಬರೆಯಬೇಕಾದಾಗ, ನಮ್ಮೂರವರಂತೆ ಸಂದು ಮುಚ್ಚಿದ್ದಾರೆ. ಬಣ್ಣಕ್ಕೆ ನಯವಾದ ಮೈ ಬೇಕು. ಗೋಡೆಗೆ ಬೇಡ.

ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಮಾಳಿಗೆಯ ಚಿತ್ರಗಳು ನಮ್ಮ ಚಿತ್ರಗಾರರ ಪೂರ್ವಿಕರ ಕೆಲಸ ಎಂದು ಕಿನ್ನಾಳದಲ್ಲಿ ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಆ ಮಾತನ್ನು ಹೊತ್ತುಕೊಂಡು ಈ ಮಾಳಿಗೆಯಡಿ ನಿಂತರೆ ಒಂದೊಂದು ಪದರದ ಹೆಸರೂ ಬಾಯಿಗೆ ಬರುತ್ತದೆ. ಇದು ಲೇಪದ ಕೆಲಸ, ಇದು ಕೂದಲ ಕುಂಚದ ಗೆರೆ, ಇಲ್ಲಿ ಕೈ ತಡೆದಿದೆ, ಇಲ್ಲಿ ಒಂದೇ ಎಳೆತಕ್ಕೆ ಬಂದಿದೆ. ನಮ್ಮೂರಲ್ಲಿ ಈ ಕಸುಬಿನ ಮನೆಗಳು ಕಡಿಮೆಯಾಗುತ್ತಿವೆ. ಕಲಿಯಲು ಕೂತ ಹುಡುಗರನ್ನು ಒಂದು ದಿನ ಬಸ್ಸು ಹತ್ತಿಸಿ ಇಲ್ಲಿಗೆ ಕರೆತರಬೇಕು. ಮೊದಲು ದುರ್ಗಾ ಬೆಟ್ಟದ ಗೋಡೆ ಮುಟ್ಟಿಸಿ, ಆಮೇಲೆ ಈ ಮಾಳಿಗೆ ತೋರಿಸಬೇಕು. ಬರುವವರು ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಬರುವುದು ಒಳ್ಳೆಯದು. ಆಗ ಹೊರಗಿನ ಬಿಸಿಲು ನೆಲಗಲ್ಲಿಗೆ ಬಿದ್ದು ಮೇಲಕ್ಕೆ ಚೆಲ್ಲುತ್ತದೆ, ದೀಪ ಹಿಡಿಯದೆಯೇ ಗೆರೆಗಳನ್ನು ಓದಬಹುದು. ಊಟಕ್ಕೆ ಊರಲ್ಲೇ ರೊಟ್ಟಿ, ಪುಂಡಿಪಲ್ಯ ಸಿಗುತ್ತದೆ. ಗಂಗಾವತಿಗೆ ಹೋಗುವ ಬಸ್ಸು ಊರ ಮುಂದೆಯೇ ನಿಲ್ಲುತ್ತದೆ.